ಕಾಕಿಯ ಗೃಹಲಕ್ಷ್ಮಿ, ಮೂರು ಕಾರ್ಡು, ಮತ್ತ ಸೂಪರ್ ಮಾರ್ಕೆಟ್ ಕಡೀ ಒಂದ್ ಸೇವಾ ಕೇಂದ್ರ – 4 ಸ್ಟಾರ್

ಮೊದಲೇ ಹೇಳ್ಬಿಡ್ತೀನ್ರಿ, ಕೇಂದ್ರದ ಹೆಸರು ಹಾಕಂಗಿಲ್ಲ. ಹಾಕಿದ್ರ ನಾಳಿಂದ ಅಲ್ಲಿ ಗದ್ದಲ ಆಗಿ, ಅಲ್ಲಿ ಕುಂದ್ರೋ ಹುಡುಗಿ ಈಗ ಒಬ್ಬೊಬ್ಬರಿಗಿ ಕೊಡೋ ಹತ್ತ ನಿಮಿಷಾನೂ ಹೋಗ್ತದ, ಅದೂ ಅಲ್ದ ಕೊನಿಗಿ ಬಯ್ಯೋದೂ ಒಂದೆರಡ್ ಮಾತು ಅದ. ಕಲಬುರಗಿ ಮಂದಿಗಿ ಸೂಪರ್ ಮಾರ್ಕೆಟ್ ಕಡೀ ಅಂದ್ರ ಸಾಕು, ಹುಡುಕ್ಕೊಂಡ್ ಹೋಗ್ತೀರಿ.

ಕೆಲಸ ಏನಂದ್ರ ನಮ್ ಕಾಕಿಗಿ ಗೃಹಲಕ್ಷ್ಮಿ ಹಾಕ್ಸೂದು. ಈ ಸ್ಕೀಮ್ 2023ರ ಜುಲೈದಾಗ ಅರ್ಜಿ ಶುರು ಆಗಿ ಆಗಸ್ಟ್ 30ಕ್ಕ ಮೈಸೂರಾಗ ಚಾಲೂ ಆದದ್ದು, ಮನಿ ಯಜಮಾನಿಗಿ ತಿಂಗಳಿಗಿ 2000 ರೂಪಾಯಿ. ನಮ್ ಓಣಿಯಾಗ ಎಲ್ಲರಿಗೂ ಬರ್ಲಿಕತ್ತು, ಕಾಕಿಗಿ ಮಾತ್ರ ಇಲ್ಲ. ಯಾಕಂದ್ರ ಕಾಕಾ ಕಾಕಿ ಹನ್ನೊಂದ್ ವರ್ಷ ಪುಣೆದಾಗ ಬಿಲ್ಡಿಂಗ್ ಕೆಲಸಕ್ಕ ಇದ್ದವರು, ಕಾಕಿ ಮೊಣಕಾಲ್ ನೋವು ಅಂತ ವಾಪಸ್ ಬಂದಾಳ, ಕಾಕಾ ಇನ್ನಾ ಅಲ್ಲೇ ಇದ್ದಾನ.

ಮೊದಲ ಹೋಗಿದ್ದು ಇದಲ್ಲ, ಬ್ಯಾರೆ ಕಡೀ. ಅದರ ಹೆಸರೂ ಹಾಕಂಗಿಲ್ಲ. ಅಲ್ಲಿ ಒಬ್ಬಾಂವ ತಲಿ ಎತ್ತಲಾರ್ದ "ಆಧಾರ್ ಕೊಡ್ರಿ, ರೇಷನ್ ಕಾರ್ಡ್ ಕೊಡ್ರಿ, ಗಂಡನ ಆಧಾರ್ ಕೊಡ್ರಿ, ಪಾಸ್‌ಬುಕ್ ಝೆರಾಕ್ಸ್ ಕೊಡ್ರಿ, ಇನ್ನೂರು ರೂಪಾಯಿ" ಅಂದ, ಇಸ್ಕೊಂಡ, ಏನೋ ಟೈಪ್ ಹೊಡದ, "ಆಗ್ತದ ಹೋಗ್ರಿ, ಮೆಸೇಜ್ ಬರ್ತದ" ಅಂದ. ಈ ಅರ್ಜಿಗಿ ಪೈಸಾ ತಗೊಳ್ಳೋ ಹಂಗೇ ಇಲ್ಲ, ಪುಕ್ಕಟ್ ಅದು, ಅವತ್ತ ನಮಗ ಗೊತ್ತಿದ್ದಿಲ್ಲ. ಮೆಸೇಜ್ ಎಲ್ಲಿಗಿ ಬರಬೇಕು, ಕಾಕಿ ಆಧಾರಕ್ಕ ಇದ್ದ ನಂಬರು ಪುಣೆದಾಗ ಐದ್ ವರ್ಷದ ಹಿಂದ ಬಂದ್ ಆದ ಸಿಮ್ಮಿಂದು. ನಾವೂ ಹಂಗೇ ಕುಂತ್ವಿ. ತಿಂಗಳು ಹೋದ್ವು, ವರ್ಷ ಹೋಯ್ತು, ಕಾಕಿ ದಿನಾ ಸಂಜಿಗಿ "ನಂದ್ಯಾಕ ಬರ್ಲಿಲ್ಲೋ ತಮ್ಮಾ" ಅನ್ನಾಕಿ, ನಾ "ಸರ್ವರ್ ಕಾಕಿ" ಅನ್ನಾಂವ. ಸರ್ವರ್ ಅಂದ್ರ ಕಾಕಿ ಯಾರೋ ಸಾಹೇಬರು ಅಂತ ತಿಳ್ಕೊಂಡಿದ್ಳು, ಒಂದಿನ "ಆ ಸರ್ವರ್‌ಗಿ ಒಂದ್ ಫೋನ್ ಹಚ್ಚು" ಅಂದ್ಳು.

ಈಗ ಇಲ್ಲಿಗಿ ಬರ್ತೀನಿ. ಈ ಸೂಪರ್ ಮಾರ್ಕೆಟ್ ಕಡೀ ಕೇಂದ್ರದಾಗ ಹುಡುಗಿ ಮೊದಲ ಕಂಪ್ಯೂಟರ್ ಮುಟ್ಟಲೇ ಇಲ್ಲ. ಕಾಕಿ ಕೈಯಾಗಿನ ಪ್ಲಾಸ್ಟಿಕ್ ಚೀಲ ತಗೊಂಡು ಟೇಬಲ್ ಮ್ಯಾಲ ಖಾಲಿ ಮಾಡಿ, ಆಧಾರ್, ರೇಷನ್ ಕಾರ್ಡ್, ವೋಟರ್ ಕಾರ್ಡ್ ಮೂರೂ ಸಾಲಾಗಿ ಇಟ್ಟಳು, ಪೆನ್ನಿಲೆ ಹೆಸರಿನ ಕೆಳಗ ಒಂದೊಂದೇ ಅಕ್ಷರ ಕುಟ್ಕೋತ ಓದಿದ್ಳು. "ಅಮ್ಮಾ, ಇಲ್ಲಿ ನೀವು ಬಾಯಿ, ಅಲ್ಲಿ ಅಮ್ಮ" ಅಂದ್ಳು. ಅಷ್ಟೇ ನೋಡ್ರಿ ರೋಗ! ಪುಣೆದಾಗ ಆಧಾರ್ ಮಾಡ್ಸುವಾಗ ಆ ಕಡೀ ಪದ್ಧತಿ ಪ್ರಕಾರ ಕಾಕಿ ಹೆಸರಿಗಿ ಬಾಯಿ ಹಚ್ಚಿ, ನಡುವ ಕಾಕಾನ ಹೆಸರು ಹಾಕಿ, ಕೊನಿಗಿ ಅಡ್ಡಹೆಸರು ಹಾಕ್ಯಾರ. ನಮ್ಮ ರೇಷನ್ ಕಾರ್ಡ್, ವೋಟರ್ ಕಾರ್ಡ್ನಾಗ ಬರೀ ಹೆಸರು, ಹಿಂದ ಅಮ್ಮ. ಹೆಣ್ಮಗಳು ಒಬ್ಬಾಕೇ, ಕಂಪ್ಯೂಟರಿಗಿ ಇಬ್ರು.

ಎರಡನೇದು ಇನ್ನಾ ದೊಡ್ಡದು. ರೇಷನ್ ಕಾರ್ಡ್ನಾಗ ಯಜಮಾನಿ ಅಂತ ಇದ್ದಾಕಿ ನಮ್ ಅಜ್ಜಿ, ಆಕಿ ತೀರಿಕೊಂಡು ಮೂರ್ ವರ್ಷದ ಮ್ಯಾಲಾಗ್ಯದ. ಗೃಹಲಕ್ಷ್ಮಿ ರೊಕ್ಕ ಕಾರ್ಡಿಗಿ ಒಬ್ಬಾಕಿಗೇ, ಅದೂ ಕಾರ್ಡ್ನಾಗ ಯಜಮಾನಿ ಅಂತ ಯಾರ ಹೆಸರದ ಆಕಿಗೇ. 2013ರ ಆಹಾರ ಭದ್ರತಾ ಕಾಯ್ದೆದಾಗೇ ಬರದಾರಂತ, 18 ದಾಟಿದ ಹೆಣ್ಮಕ್ಕಳಾಗ ಹಿರಿಯಾಕಿನೇ ಮನಿಗಿ ಯಜಮಾನಿ ಅಂತ, ಹಂಗಾಗಿ ಅಜ್ಜಿ ಹೆಸರು ಅಲ್ಲಿ ಕುಂತದ. ನಾವು ಆಕಿ ಹೆಸರು ತಗಸೂದೇ ಮರ್ತೀವಿ. ಖರೇ ಹೇಳಬೇಕಂದ್ರ ಮರ್ತಿದ್ದಲ್ಲ, ಆಕಿ ಪಾಲಿನ ಅಕ್ಕಿ ಬರ್ತದ ಅಂತ ಸುಮ್ನಿದ್ವಿ, ಈಗ ಬರಿಲಾಕ ನಾಚಿಕಿ ಬರ್ಲಿಕತ್ಯದ. ಮೊದಲಿನಾಂವ ಟೈಪ್ ಹೊಡಿವಾಗ ಇದು ಅವನ ಸ್ಕ್ರೀನ್ ಮ್ಯಾಲ ಬಂದೇ ಬಂದಿರ್ತದ, ಒಂದ್ ಮಾತ್ ಹೇಳಿದ್ರ ಮುಗೀತಿತ್ತು.

ಮೂರನೇದು ನಮಗ ತಿಳೀಲೇ ಇಲ್ಲ, ಆಕಿ ಎರಡ್ ಸಲ ಹೇಳಬೇಕಾಯ್ತು. ಕಾಕಿ ಇಲ್ಲಿ ಬಂದ್ ಮ್ಯಾಲ ಹೊಸಾ ಅಕೌಂಟ್ ತಗದಾಳ, ಅದರ ಪಾಸ್‌ಬುಕ್ ಝೆರಾಕ್ಸ್ ಕೊಟ್ಟೀವಲ್ಲ, ರೊಕ್ಕ ಅದಕ್ಕೇ ಬರ್ತದ ಅಂತ ನಾವು. ಹಂಗಿಲ್ಲಂತ. ಡಿಬಿಟಿ ರೊಕ್ಕ, ಅಂದ್ರ ಸರ್ಕಾರದಿಂದ ಸೀದಾ ಖಾತಾಕ್ಕ ಬರೋ ರೊಕ್ಕ, ಅಕೌಂಟ್ ನಂಬರ್ ನೋಡಿ ಬರಂಗಿಲ್ಲ, ಆಧಾರ್ ನಂಬರ್ ನೋಡಿ ಬರ್ತದ. ಎನ್‌ಪಿಸಿಐ ಅಂತ ಬ್ಯಾಂಕ್ ಪೇಮೆಂಟ್ ನಡಸೋ ಸಂಸ್ಥಾ ಅದ, ಅಲ್ಲಿ ಒಂದ್ ಆಧಾರಕ್ಕ ಒಂದೇ ಬ್ಯಾಂಕ್ ಇರ್ತದ, ಕೊನಿಗಿ ಯಾವ್ದು ಸೀಡ್ ಮಾಡ್ಸೀರಿ ಅದು. ನಿಮ್ಮ ಬ್ಯಾಂಕಿನಾಗ ಆಧಾರ್ ಕೊಟ್ಟು ಕೆವೈಸಿ ಮಾಡ್ಸಿದ್ರ ಅದು ಲಿಂಕ್, ರೊಕ್ಕ ಬರ್ಲಿ ಅಂತ ಫಾರ್ಮ್ ಬರಕೊಟ್ಟು ಎನ್‌ಪಿಸಿಐದಾಗ ಏರಿಸಿದ್ರ ಅದು ಸೀಡಿಂಗ್, ಎರಡೂ ಬ್ಯಾರೆ ಬ್ಯಾರೆ. ಕಾಕಿದು ಸೀಡ್ ಆಗಿದ್ದು ಪುಣೆದಾಗ ಮುಕಾದಮ ಎಲ್ಲರಿಗೂ ತಗಸಿಕೊಟ್ಟಿದ್ದ ಜನಧನ್ ಖಾತಾಕ್ಕ. ಆ ಪಾಸ್‌ಬುಕ್ ಎಲ್ಲದ ಅಂದ್ರ ಕಾಕಿ "ಶೆಡ್ಡಿನಾಗ ಇಲಿ ತಿಂತು" ಅಂದ್ಳು. ಅಂದ್ರ ಅರ್ಜಿ ಪಾಸ್ ಆಗಿದ್ರೂ ರೊಕ್ಕ ಪುಣೆಗಿ ಹೋಗಿ ಕುಂದರ್ತಿತ್ತು.

ನಿಮ್ದೂ ನೋಡ್ಕೋಬೇಕಂದ್ರ ಮೈಆಧಾರ್ ವೆಬ್‌ಸೈಟಿನಾಗ ಬ್ಯಾಂಕ್ ಸೀಡಿಂಗ್ ಸ್ಟೇಟಸ್ ಅಂತ ಇರ್ತದ, ಯಾವ ಬ್ಯಾಂಕು, ಆಕ್ಟಿವ್ ಅದನೋ ಇಲ್ಲೋ ತೋರಸ್ತದ. ಆದ್ರ ಒಳಗ ಹೋಗ್ಲಾಕ ಓಟಿಪಿ ಬೇಕು, ಓಟಿಪಿಗಿ ಮೊಬೈಲ್ ನಂಬರ್ ಚಾಲೂ ಇರಬೇಕು. ಅದಕ್ಕೇ ಆಕಿ ಒಂದ್ ಹಾಳಿ ಮ್ಯಾಲ ಬರದು ಕೊಟ್ಟಳು, ಮೊದಲ ಆಧಾರದಾಗ ಮೊಬೈಲ್ ಮತ್ತ ಹೆಸರು, ಆಮ್ಯಾಲ ರೇಷನ್ ಕಾರ್ಡ್, ಆಮ್ಯಾಲ ಬ್ಯಾಂಕ್, ಎಲ್ಲಾ ಆದ್ ಮ್ಯಾಲ ನನ್ ಕಡೀ ಬರ್ರಿ. ಇವತ್ತ ಅರ್ಜಿ ಹಾಕಂಗಿಲ್ಲ ಅಂದ್ಳು. ನನಗ ಸಿಟ್ಟು ಬಂತು, ರಜಾ ಹಾಕಿ ಬಂದೀನಿ, ಇದೇನ್ರಿ ಅಂದೆ. "ಈಗ ಹಾಕಿದ್ರ ಮತ್ತೊಂದ್ ವರ್ಷ ಸರ್ವರ್ ಅಂತೀರಿ ಅಣ್ಣಾ" ಅಂದ್ಳು. ಕಾಕಿ ನನ್ ಮಾರಿ ನೋಡಿದ್ಳು.

ಆಧಾರ್ ಕೌಂಟರ್ ಬ್ಯಾರೆ ಜಾಗಾ, ಅಲ್ಲಿಂದು ಉದ್ದ ಬರಿಯಂಗಿಲ್ಲ, ಮುಂಜಾನೆ ಏಳಕ್ಕ ಹೋಗಿ ಟೋಕನ್ ತಗೊಂಡ್ರ ಮಧ್ಯಾಹ್ನಕ್ಕ ಪಾಳಿ ಬಂತು. ರೇಟ್ 2025ರ ಅಕ್ಟೋಬರ್‌ದಿಂದ ಏರ್ಯದ, ಹೆಸರು ವಿಳಾಸ ಮೊಬೈಲ್ ಇಂಥಾದಕ್ಕ 75, ಬೆರಳು ಕಣ್ಣು ಅಪ್ಡೇಟಿಗಿ 125. ಆದ್ರ ಎಲ್ಲಾ ಒಂದೇ ಸಲ ಮಾಡ್ಸಿದ್ರ 125ರಾಗೇ ಮುಗೀತದ, ಬ್ಯಾರೆ ಬ್ಯಾರೆ ದಿನ ಹೋಗಿ ಎರಡೆರಡ್ ಸಲ ಕೊಡಬ್ಯಾಡ್ರಿ. ಹೊಸದಾಗಿ ಆಧಾರ್ ಮಾಡ್ಸೂದು ಪುಕ್ಕಟ್. ಹೆಸರು ತಿದ್ದೂದು ಜೀವಮಾನದಾಗ ಎರಡೇ ಸಲ ಅದ, ಹಂಗಾಗಿ ಸ್ಪೆಲ್ಲಿಂಗ್ ಅವರು ಸ್ಕ್ರೀನ್ ಮ್ಯಾಲ ತೋರಸ್ದಾಗ ಕನ್ನಡಾನೂ ಇಂಗ್ಲಿಷೂ ಎರಡೂ ಓದ್ರಿ. ಕಾಕಿದು ವೋಟರ್ ಕಾರ್ಡ್ ಪುರಾವಿ ಕೊಟ್ಟು ಬಾಯಿ ತಗದು ಅಮ್ಮ ಮಾಡ್ಸಿದ್ವಿ, ಹನ್ನೆರಡ್ ದಿನಕ್ಕ ಆಯ್ತು.

ಅಲ್ಲಿ ಒಂದ್ ನೋಡಿದ್ದು ಹೇಳಬೇಕು. ಕಾಕಿ ಬೆರಳು ಮಷಿನ್ ತಗೊಳ್ಳಲೇ ಇಲ್ಲ. ಹನ್ನೊಂದ್ ವರ್ಷ ಸಿಮೆಂಟ್ ಬುಟ್ಟಿ ಹೊತ್ತ ಕೈ, ಹೆಬ್ಬೆರಳ ಮ್ಯಾಲ ಗೆರಿ ಎಲ್ಲಿ ಉಳದಾವ, ನುಣ್ಣಗ ಆಗಿ ನಡುವ ಒಂದ್ ಬಿರುಕು ಅಷ್ಟೇ. ಆಪರೇಟರ್ ಒದ್ದಿ ಬಟ್ಟಿಲೆ ಒರಸ್ದ, ಒತ್ತಿ ಹಿಡದ, ಮತ್ತ ಒರಸ್ದ, ಪ್ರತಿ ಸಲ ಕೆಂಪ್ ಬಣ್ಣ. ಕಾಕಿ ಹೆದರಿ "ನನ್ ಕೈ ಖರಾಬ್ ಆಗ್ಯದೇನಪ್ಪಾ" ಅಂದ್ಳು. ಆಮ್ಯಾಲ ಕಣ್ಣಿನ ಮಷಿನ್ ಹಿಡದ್ರು, ಒಂದೇ ಸಲಕ್ಕ ಬಂತು. ಥಂಬ್ ಬರಂಗಿಲ್ಲ ಅಂತ ಯಾರಾದ್ರೂ ವಾಪಸ್ ಕಳಸಿದ್ರ ಕಣ್ಣಿಂದು ನೋಡ್ರಿ ಅಂತ ಕೇಳ್ರಿ, ನೀವು ಕೇಳಲಾರ್ದ ಅವರು ತಗಿಯಂಗಿಲ್ಲ.

ರೇಷನ್ ಕಾರ್ಡಿಗಿ ಅಜ್ಜಿ ಮರಣ ಪತ್ರ ಕೊಟ್ಟು ಹೆಸರು ತಗಸೂದ್ರಾಗ ಎರಡ್ ತಿಂಗಳು ಹೋಯ್ತು. ತಿದ್ದುಪಡಿ ಯಾವಾಗಲೂ ತಗದಿರಂಗಿಲ್ಲ, ತಗದಾಗ ಓಡಬೇಕು. ಬ್ಯಾಂಕಿನಾಗ ಸೀಡಿಂಗ್ ಫಾರ್ಮ್ ಕೊಟ್ಟು ವಾರಕ್ಕ ಆಯ್ತು.

ಎಲ್ಲಾ ಮುಗಿಸ್ಕೊಂಡು ಮತ್ತ ಸೂಪರ್ ಮಾರ್ಕೆಟಿಗಿ ಹೋದ್ರ ಆ ಹುಡುಗಿಗಿ ಕಾಕಿ ನೆನಪಿದ್ಳು! ಗಂಡನ ಆಧಾರ್ ಝೆರಾಕ್ಸ್ ನಾವು ಮರ್ತು ಹೋಗಿದ್ವಿ, ಕಾಕಾಗ ಫೋನ್ ಹಚ್ಚಿದ್ವಿ. ಹಿಂದ ಮಿಕ್ಸರ್ ಗಡಗಡ ಅಂತದ, ಕಾಕಾ ಸ್ಲಾಬ್ ಮ್ಯಾಲ ನಿಂತು ಒದರಿ ಹೇಳಲಿಕತ್ತ, ಅದೂ ಹಿಂದಿದಾಗ, ಸತ್ತಾವನ್, ಉನ್ನಾಸಿ, ಅಂತ. ನಾ ಬರಕೊಂಡಿದ್ದು ಹಾಕಿದ್ರ ಕಂಪ್ಯೂಟರ್ ಬ್ಯಾಡ ಅಂತು. ಉನ್ನಾಸಿ ಅಂದ್ರ 79, ನಾ 89 ಬರದಿದ್ದೆ. ಆಕಿ ನಕ್ಕು ಹೇಳಿದ್ಳು, 12 ಅಂಕಿದಾಗ ಕೊನೇದು ಲೆಕ್ಕದ ಅಂಕಿ ಅಣ್ಣಾ, ಒಂದ್ ಅಂಕಿ ತಪ್ಪಿದ್ರೂ ಹಿಡಿತದ ಅಂತ. ಇಷ್ಟ್ ಶಾಣ್ಯಾ ನಂಬರ್ ಮಾಡ್ಯಾರ, ಬಾಯಿ ಅಮ್ಮ ಒಂದೇ ಅಂತ ಮಾತ್ರ ತಿಳಿಯಂಗಿಲ್ಲ ಅದಕ್ಕ. ಗಂಡ ಹೆಂಡ್ತಿ ಇಬ್ಬರಾಗ ಯಾರೂ ಇನ್ಕಮ್ ಟ್ಯಾಕ್ಸ್ ಕಟ್ಟಂಗಿಲ್ಲ, ಜಿಎಸ್‌ಟಿ ರಿಟರ್ನ್ ಹಾಕಂಗಿಲ್ಲ ಅಂತಾನೂ ಕೇಳ್ತಾರ, ಕಾಕಿ "ಅದೇನದು" ಅಂದ್ಳು, ಆಕಿ "ಇಲ್ಲ ಅಂತ ಹಾಕ್ತೀನಿ" ಅಂದ್ಳು. ಅರ್ಜಿಗಿ ಒಂದ್ ಪೈಸಾ ತಗೋಲಿಲ್ಲ, ಝೆರಾಕ್ಸಿಂದಷ್ಟೇ.

ನಮ್ ಪಾಳಿ ಕಾಯುವಾಗ ಇನ್ನೊಂದ್ ಕೇಸ್ ಬಂತು. ಒಬ್ಬ ಮುದುಕಿ, ಸಂಧ್ಯಾ ಸುರಕ್ಷಾ ಕೇಳ್ಲಾಕ ಬಂದಾಳ, ಅದು 65 ದಾಟಿದವರಿಗಿ ತಿಂಗಳಿಗಿ 1200 ಬರ್ತದಲ್ಲ ಅದು, ಆಕಿ ಬಲ್ಲಿ ಆಧಾರೇ ಇಲ್ಲ. ಬ್ಯಾರೆ ಎಲ್ಲೋ "ಆಧಾರ್ ಇಲ್ಲಂದ್ರ ಬಾಗಲಿಗಿ ಬರಬ್ಯಾಡ" ಅಂದಾರಂತ. ಹಂಗ ಅನ್ನಾಕ ಬರಂಗಿಲ್ಲ ನೋಡ್ರಿ. 2016ರ ಆಧಾರ್ ಕಾಯ್ದೆ 7ನೇ ಕಲಮಿನಾಗ ಸಬ್ಸಿಡಿ ಸವಲತ್ತಿಗಿ ಆಧಾರ್ ಕೇಳಬಹುದು ಅಂತ ಅದ, ಅದರ ಬೆನ್ನಿಗೇ ನಂಬರ್ ಇನ್ನಾ ಬಂದಿರದವರಿಗಿ ಬ್ಯಾರೆ ಗುರುತಿನ ದಾರಿ ಕೊಡಬೇಕು ಅಂತಾನೂ ಅದ. ನಮ್ ಹೈಕೋರ್ಟಿನ ರಿಟೈರ್ಡ್ ಜಡ್ಜ್ ಪುಟ್ಟಸ್ವಾಮಿ ಅವರು ಹಾಕಿದ್ದ ಕೇಸಿನಾಗ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 26ಕ್ಕ ಈ ಕಲಮನ್ನ ಎತ್ತಿ ಹಿಡೀತು, ಬ್ಯಾಂಕ್ ಅಕೌಂಟಿಗಿ ಸಿಮ್ಮಿಗಿ ಆಧಾರ್ ಕಡ್ಡಾಯ ಅನ್ನೋದನ್ನ ತಗದ್ ಹಾಕ್ತು. ಈ ಹುಡುಗಿ ಇದೆಲ್ಲಾ ಭಾಷಣ ಮಾಡ್ಲಿಲ್ಲ, "ಅಜ್ಜಿ, ಮೊದಲ ಆಧಾರ್ ನೋಂದಣಿ ಮಾಡ್ಸಿ ಆ ಚೀಟಿ ತರ್ರಿ, ಅದರ ಮ್ಯಾಲ 14 ಅಂಕಿ ನಂಬರು, ತಾರೀಖು, ಟೈಮ್ ಇರ್ತದ, ಕಳಿಯಬ್ಯಾಡ್ರಿ, ಜೋಡಿ ವೋಟರ್ ಕಾರ್ಡ್ ಇರ್ಲಿ, ನಾಡ ಕಚೇರಿಗಿ ನಾ ಬರದು ಕೊಡ್ತೀನಿ" ಅಂದ್ಳು, ಮೊಮ್ಮಗನ ಫೋನಿನಾಗ ಹೋಗೋ ದಾರಿ ಹಾಕಿ ಕೊಟ್ಟಳು.

ಇನ್ನ ಒಂದ್ ಸ್ಟಾರ್ ಯಾಕ ಕಡಿಮಿ ಅಂದ್ರ ಝೆರಾಕ್ಸ್ ಮಷಿನ್. ಅದರ ಕೆಳಗ ಒಂದ್ ರಟ್ಟಿನ ಡಬ್ಬಿ ಇಟ್ಟಾರ, ಖರಾಬ್ ಆದ ಹಾಳಿ ಎಲ್ಲಾ ಅದರಾಗ ಒಗೀತಾರ, ಮ್ಯಾಲಿನ ಹಾಳಿ ಮ್ಯಾಲ ಯಾರ್ದೋ ಆಧಾರ್, ಫೋಟೋ ಕರ್ರಗ ಬಂದದ, ನಂಬರ್ ಮಾತ್ರ ಪೂರಾ ಛಂದ ಕಾಣ್ತದ. ಬಾಜೂ ಗಾಡಿಯಾಂವ ಆ ಡಬ್ಬಿದಾಗಿಂದ ಒಂದ್ ಹಾಳಿ ತಗೊಂಡು ಹೋಗಿ ಮಿರ್ಚಿ ಬಜಿ ಕಟ್ಟಿದ್ದು ನಾ ಕಣ್ಣಾರೆ ನೋಡೀನಿ. ಹೇಳಿದ್ರ ಹುಡುಗಿ "ಹೌದ್ರಿ, ಹರದು ಒಗೀಬೇಕು" ಅಂದ್ಳು, ಎರಡನೇ ಸಲ ಹೋದಾಗೂ ಡಬ್ಬಿ ಅಲ್ಲೇ ಇತ್ತು. ಕೊನೀ ನಾಲ್ಕ್ ಅಂಕಿ ಅಷ್ಟೇ ಕಾಣೋ ಮಾಸ್ಕ್ಡ್ ಆಧಾರ್ ಡೌನ್‌ಲೋಡ್ ಮಾಡ್ಕೋಬಹುದು, ಬ್ಯಾರೆ ಕಡೀ ಗುರ್ತಿಗಿ ನಾ ಈಗ ಅದನ್ನೇ ಕೊಡ್ತೀನಿ. ಅರ್ಜಿ ಹಾಕುವಾಗ ಮಾತ್ರ ಪೂರಾ ನಂಬರ್ ಬೇಕು, ಅಲ್ಲಿ ಖರಾಬ್ ಆದ ಕಾಪಿ ಕೇಳಿ ಇಸ್ಕೊಂಡ್ ಬರ್ರಿ.

ಕಾಕಿ ಅರ್ಜಿ ಮಂಜೂರಾಗ್ಯದ, ರೊಕ್ಕ ಇನ್ನಾ ಬಂದಿಲ್ಲ. ಫೋನಿನಾಗ ಮೆಸೇಜ್ ಟಣ್ ಅಂದ್ರ ಸಾಕು ಓದು ಅಂತ ತಂದು ಕೊಡ್ತಾಳ, ಇಲ್ಲೀತನ ಬಂದದ್ದೆಲ್ಲಾ ರೀಚಾರ್ಜ್ ಮುಗೀತು ಅನ್ನೋ ಮೆಸೇಜೇ. ಹೋಗೋರು ಮುಂಜಾನೆ ಹತ್ತರೊಳಗ ಹೋಗ್ರಿ, ಹನ್ನೆರಡರ ಮ್ಯಾಲ ಅಲ್ಲಿ ನೆರಳಿಲ್ಲ, ಕುಂದರ್ಲಾಕ ಎರಡೇ ಖುರ್ಚಿ, ಅದರಾಗ ಒಂದರ ಕಾಲು ಮುರದದ.