ಸ್ಟ್ರಿಪ್ಪಾ, ಬ್ಲಡ್ ಟೆಸ್ಟ್ ಪ್ಯಾಕೇಜಾ, ಸ್ಕ್ಯಾನಾ? ಮೂರೂ ಮಾಡಿಸಿದ್ಮೇಲೆ

ಮಗುಗೋಸ್ಕರ ಪ್ರಯತ್ನ ಮಾಡ್ತಿದ್ದೀವಿ, ಅಂಡ ಯಾವಾಗ ಹೊರಬರುತ್ತೆ ಅಂತ ತಿಳ್ಕೊಳ್ಳೋಕೆ ಈ ಮೂರೂ ಮಾಡಿಸ್ದೆ. ಮೊದಲೇ ಹೇಳ್ಬಿಡ್ತೀನಿ, ನನ್ನ ಓಟು ಫಾಲಿಕ್ಯುಲರ್ ಸ್ಕ್ಯಾನ್‌ಗೆ, ಅಂದ್ರೆ ಅಂಡ ಇರೋ ಪುಟ್ಟ ಚೀಲ (ಫಾಲಿಕಲ್) ಎಷ್ಟು ಬೆಳೀತು ಅಂತ ನೋಡೋ ಸ್ಕ್ಯಾನು. ನಂಗೆ 31, ಮುಟ್ಟಿನ ಸೈಕಲ್ 38 ದಿನ. ಎಡವಟ್ಟೆಲ್ಲಾ ಶುರುವಾಗಿದ್ದೇ ಈ 38ರಿಂದ.

ಫಸ್ಟ್ ತಗೊಂಡಿದ್ದು ಮೆಡಿಕಲ್ ಶಾಪಲ್ಲಿ ಸಿಗೋ, ಮೂತ್ರದಲ್ಲಿ ನೋಡೋ ಓವ್ಯುಲೇಶನ್ (ಅಂಡ ಬಿಡುಗಡೆ) ಸ್ಟ್ರಿಪ್. ಪ್ಯಾಕಲ್ಲಿ ಐದೇ ಐದು. ಫ್ರೆಂಡ್ ಒಬ್ಳು 11ನೇ ದಿನದಿಂದ ಶುರು ಮಾಡೇ ಅಂದ್ಲು, ಮಾಡ್ದೆ, 15ಕ್ಕೆ ಖಾಲಿ. ಎರಡನೇ ಗೆರೆ ಬರ್ತಿತ್ತು ಆದ್ರೆ ಮಸುಕು, ಪ್ರೆಗ್ನೆನ್ಸಿ ಕಿಟ್ ಥರ ಮಸುಕಾದ್ರೂ ಪಾಸಿಟಿವ್ವೇ ಅಂದ್ಕೊಂಡು ನಾನೂ ನಮ್ಮನೆಯವ್ರೂ ಟ್ಯೂಬ್‌ಲೈಟ್ ಕೆಳಗೆ ಹಿಡ್ಕೊಂಡು ಇದೆ-ಇಲ್ಲ ಅಂತ ವಾದ ಮಾಡಿದ್ದೇ ಮಾಡಿದ್ದು. ಇದ್ರಲ್ಲಿ ಹಾಗಲ್ಲ, ಟೆಸ್ಟ್ ಗೆರೆ ಕಂಟ್ರೋಲ್ ಗೆರೆಯಷ್ಟೇ ಗಾಢ ಆದ್ರೆ ಮಾತ್ರ ಎಲ್‌ಎಚ್ (ಅಂಡ ಹೊರಬರೋಕೆ ಕಾರಣ ಆಗೋ ಹಾರ್ಮೋನ್) ಏರಿದೆ ಅಂತ, ಆಮೇಲೆ 24ರಿಂದ 36 ಗಂಟೇಲಿ ಅಂಡ ಹೊರಬರೋದು. ಅದೂ ಮುಂದಿನ ಡೇಟ್‌ಗೆ ಸುಮಾರು 14 ದಿನ ಮುಂಚೆ, ಅಂದ್ರೆ ನಂಗೆ 24ನೇ ದಿನದ ಆಸುಪಾಸು. ಅಷ್ಟೊತ್ತಿಗೆ ನನ್ನ ಸ್ಟ್ರಿಪ್‌ಗಳು ಕಸದಬುಟ್ಟಿ ಸೇರಿ ವಾರದ ಮೇಲಾಗಿರ್ತಿತ್ತು! ನಾಲ್ಕು ತಿಂಗಳು ಹೀಗೇ ಕಳೀತು.

ಬ್ಲಡ್ ಟೆಸ್ಟ್ ಪ್ಯಾಕೇಜ್ 3,800 ಆಯ್ತು, ಮನೆಗೇ ಬಂದು ರಕ್ತ ತಗೊಂಡ್ರು. ಥೈರಾಯ್ಡ್ ಗೊತ್ತಾಗಿದ್ದು ಒಳ್ಳೇದಾಯ್ತು. ಎಎಂಎಚ್ ಅನ್ನೋ ಹಾರ್ಮೋನ್ ಅಂಡದ ಸ್ಟಾಕ್ ಸುಮಾರಾಗಿ ಹೇಳುತ್ತೆ ಅಷ್ಟೇ. ಆದ್ರೆ 21ನೇ ದಿನದ ಪ್ರೊಜೆಸ್ಟರಾನ್ (ಅಂಡ ಹೊರಬಂದು ಸುಮಾರು ವಾರಕ್ಕೆ ನೋಡೋ ಹಾರ್ಮೋನ್) ಕಮ್ಮಿ ಅಂತ ಕೆಂಪಕ್ಷರದಲ್ಲಿ ಬಂತು, ಅವತ್ತು ರಾತ್ರಿ ಊಟ ಸೇರ್ಲಿಲ್ಲ. ಇಲ್ಲೂ ಅದೇ ಕಥೆ, 21 ಅನ್ನೋದು 28 ದಿನದ ಸೈಕಲ್‌ನವ್ರ ಲೆಕ್ಕ, ನಂಗೆ 31ರ ಹತ್ರ ತೆಗೀಬೇಕಿತ್ತು. ಕೇಳಿದ್ರೆ "ಪ್ಯಾಕೇಜಲ್ಲಿ ಹಾಗೇ ಇರೋದು ಮೇಡಂ" ಅಂದ್ರು.

ಸ್ಕ್ಯಾನ್‌ಗೆ ಹೋದಾಗ ಡಾಕ್ಟ್ರು ಮೊದಲು ಕೇಳಿದ್ದೇ ಸೈಕಲ್ ಎಷ್ಟು ದಿನದ್ದು ಅಂತ. ಒಳಗಿಂದ ಮಾಡೋ ಸ್ಕ್ಯಾನು, ಸಂಕೋಚ ಮೊದಲ್ನೇ ಸಲ ಅಷ್ಟೇ. ಚೀಟಿಲಿ ಪೆನ್ನಲ್ಲಿ ಬರೀತಾ ಹೋದ್ರು: 16ನೇ ದಿನ ಏನಿಲ್ಲ, 19ಕ್ಕೆ ಫಾಲಿಕಲ್ 12 ಎಂಎಂ, 21ಕ್ಕೆ 16, 23ಕ್ಕೆ 20, 25ಕ್ಕೆ "ರಪ್ಚರ್ಡ್", ಅಂದ್ರೆ ಒಡೆದಿದೆ. ಅಂಡ ಬಿಡುಗಡೆ ಆಗ್ತಿದೆ! ಆ ಚೀಟಿ ಇನ್ನೂ ಪರ್ಸಲ್ಲಿದೆ.

ಸಲಕ್ಕೆ 500ರ ಹಾಗೆ ಐದು ಸಲ, ಐದು ಅರ್ಧ ದಿನ ರಜೆ. ಪ್ರತಿ ತಿಂಗಳು ನಮ್ ಕೈಲಾಗಲ್ಲ, ಅದಕ್ಕೆ ಈಗ ಮತ್ತೆ ಸ್ಟ್ರಿಪ್ಪೇ, ಆದ್ರೆ 19ನೇ ದಿನದಿಂದ, ಎರಡು ಪ್ಯಾಕ್. ಪಿಸಿಒಡಿ (ಅಂಡಾಶಯದ ಹಾರ್ಮೋನ್ ಏರುಪೇರಾಗೋ ತೊಂದ್ರೆ) ಇರೋರಿಗೆ ಎಲ್‌ಎಚ್ ಸುಮ್ಸುಮ್ನೇ ಏರಿರಬಹುದು, ಅವ್ರು ಸ್ಟ್ರಿಪ್ ನಂಬ್ಕೊಂಡು ಕೂರ್ಬೇಡಿ. ನಮ್ಮನೆಯವ್ರ ವೀರ್ಯದ ಟೆಸ್ಟ್ ಇದಕ್ಕೆಲ್ಲಾ ಮುಂಚೆ ಆಗ್ಬೇಕಿತ್ತು, ಸೂಜಿ ಕೂಡ ಚುಚ್ಚಲ್ಲ. ಫೋಲಿಕ್ ಆ್ಯಸಿಡ್ ಅಂತೂ ಡಾಕ್ಟ್ರು ಮೊದಲ್ನೇ ದಿನವೇ ಶುರು ಮಾಡಿಸಿದ್ರು.

ಇವತ್ತು 20ನೇ ದಿನ. ಗೆರೆ ಇನ್ನೂ ಮಸುಕೇ.