ಅಪಘಾತ ದಾಖಲಿಸಲು ಯಾವುದು ಮೇಲು: ಪುಸ್ತಕವೋ, ಠಾಣೆಯ ಕಂಪ್ಯೂಟರೋ, ಫೋನೋ?

ಅಪಘಾತದ ವಿವರ ಬರೆದುಕೊಳ್ಳಲು ನಮ್ಮ ಪೊಲೀಸರಿಗೆ ಮೂರು ದಾರಿ ಇವೆ. ಸ್ಪಾಟ್‌ನಲ್ಲಿ ಪುಸ್ತಕ, ವಾಪಸ್ ಬಂದ ಮೇಲೆ ಠಾಣೆಯ ಕಂಪ್ಯೂಟರ್, ಇಲ್ಲವೇ ಸ್ಪಾಟ್‌ನಲ್ಲೇ ಫೋನ್. ಮೂರನ್ನೂ ಬಳಸಿದ್ದೇನೆ. ನನ್ನ ವೋಟು ಫೋನಿಗೆ. ಆದರೆ ಟೇಪು, ಪೆನ್ಸಿಲ್ ಮಾತ್ರ ಬಿಡಲಾರೆ.

ಫೋನ್ ಅಂದರೆ ರಸ್ತೆ ಅಪಘಾತದ ವಿವರ ತುಂಬುವ ಸರ್ಕಾರದ ಐರಾಡ್ ಆ್ಯಪ್, ಅದರ ಮುಂದಿನ ರೂಪವಾದ ಇ-ಡಾರ್. ಮದ್ರಾಸ್ ಐಐಟಿ ಮತ್ತು ಕೇಂದ್ರ ಸರ್ಕಾರದ ಕಂಪ್ಯೂಟರ್ ಕೆಲಸ ನೋಡುವ ಎನ್‌ಐಸಿ ಸೇರಿ ಕೇಂದ್ರ ಸಾರಿಗೆ ಸಚಿವಾಲಯಕ್ಕೆ ಮಾಡಿಕೊಟ್ಟಿದ್ದು. 2021ರಲ್ಲಿ ಮೊದಲು ಪ್ರಯೋಗ ನಡೆದ ಆರು ರಾಜ್ಯಗಳಲ್ಲಿ ನಮ್ಮದೂ ಒಂದು.

ದೊಡ್ಡ ವ್ಯತ್ಯಾಸ ಇರುವುದು ಜಾಗದ ವಿಷಯದಲ್ಲಿ. ‘ಶಿರಾ ಕಡೆಯಿಂದ ಬರುವಾಗ ಪೆಟ್ರೋಲ್ ಬಂಕ್ ದಾಟಿ ಸ್ವಲ್ಪ ಮುಂದೆ’ ಅಂತ ಪುಸ್ತಕದಲ್ಲಿ ಬರೆಯುತ್ತೇವೆ. ಕೇಸಿಗೆ ಅದು ನಡೆಯುತ್ತದೆ, ರಸ್ತೆ ಸರಿಪಡಿಸುವ ಇಂಜಿನಿಯರ್‌ಗೆ ಸಾಲದು. ರಾಷ್ಟ್ರೀಯ ಹೆದ್ದಾರಿಯಲ್ಲಿ ಬ್ಲ್ಯಾಕ್ ಸ್ಪಾಟ್, ಅಂದರೆ ಪದೇ ಪದೇ ಅಪಘಾತ ಆಗುವ ಜಾಗ, ಗುರುತಿಸುವುದು ಸುಮಾರು 500 ಮೀಟರ್ ರಸ್ತೆಯ ಲೆಕ್ಕದಲ್ಲಿ. ಅಷ್ಟರೊಳಗೆ 3 ವರ್ಷದಲ್ಲಿ ಸಾವು ಅಥವಾ ಭಾರಿ ಗಾಯದ 5 ಅಪಘಾತ ಆಗಿರಬೇಕು, ಇಲ್ಲವೇ 10 ಜನ ಸತ್ತಿರಬೇಕು. ನಾವು ಬರೆದ ಜಾಗ ಅರ್ಧ ಕಿಲೋಮೀಟರ್ ಆಚೀಚೆ ಆದರೆ ಆ ತಿರುವು ಪಟ್ಟಿಗೇ ಬರುವುದಿಲ್ಲ. ಜನ ಅಲ್ಲೇ ಸಾಯುತ್ತಾ ಇರುತ್ತಾರೆ. ಫೋನಿನ ಜಿಪಿಎಸ್ ಈ ಜಾಗವನ್ನು ತಾನೇ ಹಿಡಿಯುತ್ತದೆ. ಆದರೆ ಅಲ್ಲೇ ನಿಂತು ತುಂಬಬೇಕು. ಠಾಣೆಯಲ್ಲಿ ಕೂತು ತುಂಬಿದರೆ ಪುಸ್ತಕಕ್ಕೂ ಅದಕ್ಕೂ ಏನು ವ್ಯತ್ಯಾಸ, ಅಲ್ವಾ?

ಗಾಡಿಯ ವಿವರದಲ್ಲೂ ಫೋನೇ ಮುಂದೆ. ನಂಬರ್ ಹಾಕಿದರೆ ಮಾಲೀಕರು, ಚಾಸಿಸ್ ನಂಬರ್, ಇನ್ಶೂರೆನ್ಸ್ ಎಲ್ಲಾ ಸರ್ಕಾರದ ಗಾಡಿ ನೋಂದಣಿ ದಾಖಲೆಯಾದ ‘ವಾಹನ್’ನಿಂದ ಬರುತ್ತವೆ. ರಾತ್ರಿ ಟಾರ್ಚ್ ಬೆಳಕಲ್ಲಿ 17 ಅಕ್ಷರ, ಅಂಕಿಗಳ ಚಾಸಿಸ್ ನಂಬರ್ ನಕಲು ಮಾಡಿದವರಿಗೆ ಇದರ ಬೆಲೆ ಗೊತ್ತು. ‘ಬಿ’ ಹೋಗಿ 8 ಆದರೆ ಆಮೇಲೆ ಪರಿಹಾರದ ಕೇಸಲ್ಲಿ ಅದೇ ಒಂದು ತಕರಾರು. ಘಾಟಿಯಲ್ಲಿ ನೆಟ್‌ವರ್ಕ್ ಸಿಗದಿದ್ದರೆ ಮಾತ್ರ ಪುಸ್ತಕವೇ ಗತಿ.

ಇನ್ನು ಸ್ಕೆಚ್. ಇಲ್ಲಿ ಕೈಕೆಲಸವನ್ನು ಮೀರಿಸಿದ್ದು ನಾನು ನೋಡಿಲ್ಲ. ಕರೆಂಟ್ ಕಂಬದ ನಂಬರ್ ಬರೆದುಕೊಂಡು, ಅಲ್ಲಿಂದ ಬೈಕ್ ಬಿದ್ದ ಜಾಗಕ್ಕೆ, ಬ್ರೇಕ್ ಗುರುತು ಶುರುವಾದ ಕಡೆಗೆ, ಡಾಂಬರಿನ ಅಂಚಿಗೆ ಟೇಪು ಹಿಡಿಯಬೇಕು. ಪಂಚರ, ಅಂದರೆ ಸ್ಥಳದ ಸಾಕ್ಷಿಗಳ ಎದುರೇ ಅಳೆಯಬೇಕು. ಫೋಟೋದಲ್ಲಿ ಗಾಜಿನ ಚೂರು ಕಾಣುತ್ತದೆ, ಅದು ಎಷ್ಟು ಅಡಿ ದೂರ ಅನ್ನೋದು ಕಾಣಲ್ಲ. ಮಳೆ ಮೋಡ ಇದ್ದರೆ ಮೊದಲು ಫೋಟೋ, ಆಮೇಲೆ ಟೇಪು.

ಠಾಣೆಯ ಕಂಪ್ಯೂಟರ್ ಉದ್ದುದ್ದ ಹೇಳಿಕೆ ಟೈಪ್ ಮಾಡಲು ಒಳ್ಳೆಯದು. ಅಷ್ಟೇ.

ಫೋನಿಗೆ ವೋಟು ಹಾಕಲು ನನಗೆ ಇನ್ನೊಂದು ಕಾರಣ ಇದೆ. ಒಮ್ಮೆ ಎಂಟ್ರಿ ಆದರೆ ಗಾಡಿ ತಪಾಸಣೆಗೆ ಆರ್‌ಟಿಓ, ರಸ್ತೆ ನೋಡಲು ಇಂಜಿನಿಯರ್, ಗಾಯದ ವಿವರಕ್ಕೆ ಆಸ್ಪತ್ರೆ, ಎಲ್ಲರಿಗೂ ಅವರವರ ಪಾಲಿನ ಕೆಲಸ ಅಲ್ಲೇ ಹೋಗುತ್ತದೆ. ಆರ್‌ಟಿಓ ಇನ್‌ಸ್ಪೆಕ್ಟರ್ ಗಾಡಿ ನೋಡಿ ಕೊಡುವ ಐಎಂವಿ ರಿಪೋರ್ಟಿಗೆ ಕಾನ್‌ಸ್ಟೇಬಲ್ ಪತ್ರ ಹಿಡಿದು ಅಲೆಯುವುದು ಕಡಿಮೆ. 2022ರ ಏಪ್ರಿಲ್ 1ರಿಂದ ಜಾರಿಯಾದ ನಿಯಮದಂತೆ ಮೊದಲ ವರದಿ 48 ಗಂಟೆಯೊಳಗೆ, ಪೂರ್ತಿ ವರದಿ 90 ದಿನದೊಳಗೆ ಪರಿಹಾರ ನ್ಯಾಯಮಂಡಳಿಗೆ ಸೇರಬೇಕು. ದುಡಿಯುವ ಕೈಯನ್ನೇ ಕಳೆದುಕೊಂಡ ಮನೆಗೆ ಒಂದೊಂದು ವಾರವೂ ಭಾರ. ಅದಕ್ಕೇ ಪ್ರತಿ ಜೀಪಿನಲ್ಲೂ ಚಾರ್ಜ್ ಆದ ಪವರ್ ಬ್ಯಾಂಕ್, ಮೂವತ್ತು ಮೀಟರ್ ಟೇಪು, ಒಳ್ಳೆಯ ಟಾರ್ಚ್ ಇರಲಿ. ಫಾರ್ಮ್ ತುಂಬುವುದನ್ನು ಠಾಣೆಯಲ್ಲಿ ಬರೆಯುವ ರೈಟರ್‌ಗೆ ಬಿಡದೆ, ಸ್ಪಾಟ್‌ಗೆ ಹೋದವರೇ ತುಂಬಲಿ.