ಕಾಸರಗೋಡು ಸೀರೆ: ಮಗ್ಗದಿಂದ ಬಂದದ್ದು, ಇನ್ನೊಬ್ಬರಿಂದ ಬಂದದ್ದು

ಕಾಸರಗೋಡು ಸೀರೆ ಕೈಮಗ್ಗದಲ್ಲಿ ನೇಯ್ದ ಹತ್ತಿಯ ಸೀರೆ. ಮೈಯೆಲ್ಲ ಒಂದೇ ಬಣ್ಣ ಅಥವಾ ಸಣ್ಣ ಚೌಕುಳಿ, ಅಂಚಿನಲ್ಲಿ ಡಾಬಿ ಎಂಬ ಮಗ್ಗದ ಸಾಧನದಿಂದ ಎತ್ತಿದ ಚಿಕ್ಕ ವಿನ್ಯಾಸ, ಸೆರಗಿನಲ್ಲಿ ಅಡ್ಡಪಟ್ಟೆ. ಇದಕ್ಕಿಂತ ಹೆಚ್ಚಿನ ಆಡಂಬರ ಅದಕ್ಕಿಲ್ಲ. 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಯ ಮಾನ್ಯತೆ ದೊರಕಿತು. ಅದನ್ನು ನೇಯಿಸುವ ನೇಕಾರರ ಸಹಕಾರ ಸಂಘವು ಹುಟ್ಟಿದ್ದು 1938ರಲ್ಲಿ, ಕಾಸರಗೋಡು ಇನ್ನೂ ಮದ್ರಾಸ್ ಪ್ರಾಂತ್ಯದ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ ತಾಲೂಕಾಗಿದ್ದಾಗ. ಈ ವಿಮರ್ಶೆಗಾಗಿ ನಾನು ನೋಡುತ್ತಿರುವುದು ಎರಡು ಸೀರೆಗಳನ್ನು: ಒಂದು ಹೊಸದಾಗಿ ಕೊಂಡ ಕಡುನೀಲಿ ಬಣ್ಣದ್ದು, ಇನ್ನೊಂದು ನಿವೃತ್ತರಾದ ಅಧ್ಯಾಪಿಕೆಯೊಬ್ಬರು ವರ್ಷಗಟ್ಟಲೆ ಉಟ್ಟು, ಬಳಿಕ ನಾನು ಕೇಳಿ ಪಡೆದುಕೊಂಡ ಕಾವಿ ಬಣ್ಣದ್ದು. ಎರಡನ್ನೂ ಒಂದು ಮಳೆಗಾಲ ಮತ್ತು ಒಂದು ಬೇಸಿಗೆ ಶಾಲೆಗೆ ಉಟ್ಟು ಹೋದ ಮೇಲೆ ಇದನ್ನು ಬರೆಯುತ್ತಿದ್ದೇನೆ.

ಬಟ್ಟೆಯನ್ನು ಹೀಗೆ ಆರಿಸಿ ಕೊಳ್ಳುವುದಕ್ಕೆ ಕಾರಣವನ್ನು ಮೊದಲೇ ಹೇಳಬೇಕು, ಏಕೆಂದರೆ ಬೆಲೆ ಮತ್ತು ಬಾಳಿಕೆ ಮಾತ್ರ ಮುಖ್ಯವಾಗಿದ್ದರೆ ಹೋಲಿಕೆ ಬೇರೆಯೇ ಆಗುತ್ತಿತ್ತು. 2013ರ ಏಪ್ರಿಲ್ 24ರಂದು ಢಾಕಾದ ಬಳಿಯ ಸಾವರ್‌ನಲ್ಲಿ ರಾಣಾ ಪ್ಲಾಜಾ ಎಂಬ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಜನ ಸತ್ತರು. ಅವರಲ್ಲಿ ಬಹುತೇಕರು ಸಿದ್ಧ ಉಡುಪು ಹೊಲಿಯುತ್ತಿದ್ದವರು. ಹಿಂದಿನ ದಿನವೇ ಗೋಡೆಗಳಲ್ಲಿ ಬಿರುಕು ಕಾಣಿಸಿಕೊಂಡಿದ್ದರೂ ಅವರನ್ನು ಕೆಲಸಕ್ಕೆ ಕರೆಸಲಾಗಿತ್ತು. ಅಗ್ಗದ ಬೆಲೆಯ ಹಿಂದೆ ಯಾರ ಜೀವದ ಲೆಕ್ಕವಿದೆ ಎಂಬುದು ಕೊಳ್ಳುವವನಿಗೆ ಕಾಣುವುದಿಲ್ಲ. ಇನ್ನೊಂದು ಕಾರಣ ನಮ್ಮ ಮನೆಬಾಗಿಲಿನದೇ. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಪಂಚಾಯತಿನ ಪಡ್ರೆ, ಸ್ವರ್ಗ ಎಂಬ ಊರುಗಳನ್ನು ಬಲ್ಲವರಿಗೆ ಕೀಟನಾಶಕ ಎಂಬುದು ಪತ್ರಿಕೆಯಲ್ಲಿ ಓದಿ ತಿಳಿಯಬೇಕಾದ ಸಂಗತಿಯಲ್ಲ. ಗೇರು ತೋಟಗಳ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು ಇಲ್ಲಿಯೇ. 2011ರಲ್ಲಿ ಸುಪ್ರೀಂ ಕೋರ್ಟು ತಡೆಯುವ ತನಕ ಅದೇ ವಿಷ ದೇಶದ ಹತ್ತಿಯ ಹೊಲಗಳಲ್ಲೂ ಧಾರಾಳವಾಗಿ ಬಳಕೆಯಾಗುತ್ತಿತ್ತು. ಗೇರಿನ ಹೂವಿಗೆ ಹೊಡೆದದ್ದು ನಮ್ಮ ಬಾವಿಗೆ ಬಂತು ಎಂದು ಸಂಕಟಪಡುವ ನಾವು, ನಮ್ಮ ಮೈಮೇಲಿನ ಹತ್ತಿಗೆ ಹೊಡೆದದ್ದು ಯಾರ ಬಾವಿಗೆ ಹೋಯಿತು ಎಂದು ಕೇಳದಿರುವುದು ಸರಿಯೆಂದು ನನಗೆ ಅನ್ನಿಸುವುದಿಲ್ಲ.

ಮೊದಲು ಹೊಸ ಸೀರೆಯ ವಿಚಾರ. ಕೈಯಲ್ಲಿ ಹಿಡಿದಾಗ ಅದು ಗಂಜಿಯಿಂದ ಬಿರುಸಾಗಿರುತ್ತದೆ. ಮೊದಲ ಬಾರಿ ನೋಡುವವರಿಗೆ ಒರಟು ಬಟ್ಟೆ ಎಂದೇ ತೋರಬಹುದು. ಎರಡು ಮೂರು ಬಾರಿ ಒಗೆದ ಮೇಲೆ ಅದರ ನಿಜವಾದ ಮೈ ಹೊರಬರುತ್ತದೆ. ಈ ಸೀರೆಗಳಿಗೆ 60ರಿಂದ 100ರವರೆಗಿನ ನಂಬರಿನ ನೂಲು ಬಳಸುತ್ತಾರೆ. 840 ಗಜದ ನೂಲು ಒಂದು ಲಡಿಯಾಗುತ್ತದೆ. ಒಂದು ಪೌಂಡು ತೂಕದಲ್ಲಿ ಅಂಥ 80 ಲಡಿ ತುಂಬಿದರೆ ಅದು 80ರ ನೂಲು. ಹಾಗಾಗಿ ನಂಬರು ಏರಿದಷ್ಟೂ ನೂಲು ಸಪೂರ. ಸಪೂರ ನೂಲನ್ನು ಒತ್ತಾಗಿ ನೇಯ್ದಾಗ ಬಟ್ಟೆ ತೆಳ್ಳಗೂ ಇರುತ್ತದೆ, ಮೈ ತೋರದಷ್ಟು ಬಿಗಿಯಾಗಿಯೂ ಇರುತ್ತದೆ. ಏಪ್ರಿಲ್ ತಿಂಗಳ ಸೆಕೆಯಲ್ಲಿ ಹಂಚಿನ ಮಾಡಿನ ಕೆಳಗೆ ಐದು ಪಿರಿಯಡ್ ನಿಂತು ಪಾಠ ಮಾಡುವವರಿಗೆ ಇದರ ಬೆಲೆ ಏನೆಂದು ಗೊತ್ತು.

ಭೂತಗನ್ನಡಿ ಹಿಡಿದು ಸೀರೆಯ ಒಂದು ಮೂಲೆಯನ್ನು ನೋಡಿದರೆ ಇನ್ನಷ್ಟು ವಿಷಯ ತಿಳಿಯುತ್ತದೆ. ಹಾಸಿನ ಎಳೆಗಳು, ಎಂದರೆ ಉದ್ದಕ್ಕೆ ಹೋಗುವವು, ಮಗ್ಗದ ಬಾಚಣಿಗೆಯಂಥ ಹಣಿಗೆಯ ಹಲ್ಲುಗಳಿಗೆ ಸರಿಯಾಗಿ ಸಾಲುಗಟ್ಟಿ ನಿಂತಿದ್ದರೆ, ಅಡ್ಡಕ್ಕೆ ಹೋಗುವ ಹೊಕ್ಕಿನ ಎಳೆಗಳು ಒಂದು ಕಡೆ ತುಸು ಒತ್ತಾಗಿ, ಮತ್ತೊಂದು ಕಡೆ ತುಸು ಸಡಿಲವಾಗಿ ಬಿದ್ದಿರುತ್ತವೆ. ನೇಯುವವರು ಹಲಗೆಯನ್ನು ಎಳೆದು ಬಡಿದ ಬಲ ಪ್ರತಿ ಬಾರಿಯೂ ಒಂದೇ ಆಗಿರುವುದಿಲ್ಲ. ಎರಡೂ ಅಂಚುಗಳ ಉದ್ದಕ್ಕೂ ಸೂಜಿಮೊನೆಯಷ್ಟು ಸಣ್ಣ ತೂತುಗಳು ಕಾಣುತ್ತವೆ. ನೇಯುವಾಗ ಬಟ್ಟೆಯ ಅಗಲ ಕುಗ್ಗದಂತೆ ಅಡ್ಡಕ್ಕೆ ಚುಚ್ಚಿ ನಿಲ್ಲಿಸುವ ಕೋಲಿನ ಗುರುತು ಅದು. ಇಂಚಿಗೆ 70 ಹೊಕ್ಕು ಎಂದು ಹಿಡಿದರೂ ಐದೂವರೆ ಮೀಟರಿನ ಸೀರೆಗೆ ಲಾಳಿಯು 15,000 ಬಾರಿಗಿಂತ ಹೆಚ್ಚು ಅತ್ತಿಂದಿತ್ತ ಓಡಬೇಕು. ಅದೂ ನೇಯ್ಗೆಯ ಲೆಕ್ಕ ಮಾತ್ರ. ಲಡಿ ಬಿಚ್ಚುವುದು, ಬಣ್ಣ ಹಾಕುವುದು, ಕಂಡಿಕೆ ಸುತ್ತುವುದು, ಹಾಸು ಹೂಡುವುದು, ಗಂಜಿ ಹಚ್ಚಿ ಬ್ರಷ್ಷಿನಿಂದ ತೀಡಿ ಒಣಗಿಸುವುದು, ಎಳೆ ಎಳೆಯಾಗಿ ಅಣಿಗೂಡಿಸುವುದು ಎಲ್ಲವೂ ಅದಕ್ಕೆ ಮೊದಲೇ ಮುಗಿದಿರಬೇಕು.

ಬಣ್ಣದ ಬಗ್ಗೆ ಪ್ರಾಮಾಣಿಕವಾಗಿ ಹೇಳಬೇಕಾದ ಮಾತೊಂದಿದೆ. ಕೈಮಗ್ಗ ಎಂದ ಕೂಡಲೇ ಬಣ್ಣವೂ ಗಿಡಮೂಲಿಕೆಯದ್ದೇ ಇರಬೇಕೆಂದು ಹಲವರು ಭಾವಿಸುತ್ತಾರೆ. ಆದರೆ ಕಾಸರಗೋಡು ಸೀರೆಗೆ ಹಾಕುವುದು ವ್ಯಾಟ್ ಎಂಬ ರಾಸಾಯನಿಕ ಬಣ್ಣ. ಇದು ನೀರಿನಲ್ಲಿ ಕರಗುವುದಿಲ್ಲ. ಕಾಸ್ಟಿಕ್ ಸೋಡಾ ಮತ್ತು ಹೈಡ್ರೋಸಲ್ಫೈಟ್ ಸೇರಿಸಿ ಅದನ್ನು ಕರಗುವ ರೂಪಕ್ಕೆ ತಂದು, ಆ ನೀರಿನಲ್ಲಿ ನೂಲನ್ನು ಅದ್ದಿ, ಮೇಲೆತ್ತಿ ಗಾಳಿಗೆ ಹಿಡಿದಾಗ ಬಣ್ಣವು ಎಳೆಯ ಒಳಗೇ ಮತ್ತೆ ಕರಗದ ರೂಪಕ್ಕೆ ಮರಳುತ್ತದೆ. ಈ ಸೀರೆಯ ಬಣ್ಣ ಅಷ್ಟು ಗಟ್ಟಿಯಾಗಿ ನಿಲ್ಲುವುದಕ್ಕೆ ಇದೇ ಕಾರಣ. ನನ್ನ ಕಡುನೀಲಿ ಸೀರೆಯ ಮೊದಲ ಒಗೆತದಲ್ಲಿ ನೀರು ಗಂಜಿಯಿಂದ ಬೆಳ್ಳಗಾಯಿತೇ ಹೊರತು ನೀಲಿಯಾಗಲಿಲ್ಲ. ಬಣ್ಣ ಹಾಕಿ ಉಳಿದ ನೀರು ಕ್ಷಾರದ ನೀರು ಎಂಬುದನ್ನೂ, ಅದನ್ನು ಹದ ಮಾಡದೆ ಹರಿಯಬಿಟ್ಟರೆ ಕೇಡೆಂಬುದನ್ನೂ ಮರೆಯಬಾರದು. ಆದರೂ ಇಪ್ಪತ್ತು ವರ್ಷ ಬಿಡದ ಬಣ್ಣವನ್ನು ಒಂದು ಸಲ ಹಾಕುವುದು, ಎರಡೇ ವರ್ಷಕ್ಕೆ ಮಾಸಿ ಎಸೆಯಬೇಕಾದ ಬಟ್ಟೆಗಳಿಗೆ ಮತ್ತೆ ಮತ್ತೆ ಬಣ್ಣ ಹಾಕುವುದಕ್ಕಿಂತ ಮೇಲು ಎಂಬುದು ನನ್ನ ಅಭಿಪ್ರಾಯ. ಸಸ್ಯಜನ್ಯ ಬಣ್ಣವೇ ಬೇಕೆನ್ನುವವರು ಹೆಗ್ಗೋಡಿನ ಚರಕ ಸಂಸ್ಥೆಯ ಬಟ್ಟೆಗಳನ್ನು ನೋಡಬಹುದು.

ಇನ್ನು ನೂಲು. ಕಾಸರಗೋಡಿನಲ್ಲಿ ಹತ್ತಿ ಬೆಳೆಯುವುದಿಲ್ಲ, ನೂಲು ಹೊರಗಿನ ಗಿರಣಿಗಳಿಂದಲೇ ಬರಬೇಕು. ಆದ್ದರಿಂದ ಹೊಸ ಕೈಮಗ್ಗದ ಸೀರೆಯನ್ನು ಕೊಂಡಾಗ ನೇಯ್ದವರ ಮಟ್ಟಿಗೆ ನನ್ನ ಹಣ ಎಲ್ಲಿ ಹೋಯಿತೆಂದು ಹೇಳಬಲ್ಲೆ, ಹತ್ತಿ ಬೆಳೆದವರ ಮಟ್ಟಿಗೆ ಹೇಳಲಾರೆ. ಎಂಡೋಸಲ್ಫಾನಿನ ವಿಚಾರದಲ್ಲಿ ನಾನು ಎತ್ತಿದ ಪ್ರಶ್ನೆಗೆ ಹೊಸ ಸೀರೆಯಲ್ಲಿ ಪೂರ್ತಿ ಉತ್ತರವಿಲ್ಲ. ಎರಡನೆಯ ಸೀರೆಯ ಕಡೆಗೆ ನನ್ನನ್ನು ತಿರುಗಿಸಿದ್ದು ಈ ಕೊರತೆಯೇ.

ಆ ಕಾವಿ ಬಣ್ಣದ ಸೀರೆಯನ್ನು ಕೇಳಿದಾಗ ನಿವೃತ್ತ ಅಧ್ಯಾಪಿಕೆ ಬಹಳ ಸಂಕೋಚಪಟ್ಟರು. "ಟೀಚರೇ, ನಾನು ಉಟ್ಟು ಹಳತಾದದ್ದನ್ನು ನಿಮಗೆ ಕೊಡುವುದು ಹೇಗೆ? ಬೇಕಾದರೆ ಹೊಸದೇ ಒಂದು ತೆಗೆದುಕೊಡುತ್ತೇನೆ" ಎಂದರು. ಈ ಸಂಕೋಚ ಅವರೊಬ್ಬರದ್ದಲ್ಲ. ಅಜ್ಜಿಯ ಹಳೆಯ ಸೀರೆಯನ್ನು ಬಾಣಂತಿ ಕೋಣೆಗೆ ಜೋಪಾನವಾಗಿ ತೆಗೆದಿಟ್ಟು, ಹುಟ್ಟಿದ ಮಗುವನ್ನು ಅದರಲ್ಲೇ ಸುತ್ತುವ ನಾವು, ಮನೆಯಿಂದ ಹೊರಗಿನವರು ಉಟ್ಟ ಬಟ್ಟೆ ಎಂದೊಡನೆ ಮೈಲಿಗೆಯ ಮಾತನ್ನೋ ಬಡತನದ ಮಾತನ್ನೋ ಎತ್ತುತ್ತೇವೆ. ಮದುವೆಗೆ ಒಂದೇ ದಿನ ಉಟ್ಟ ಸೀರೆಗಳು ಕಪಾಟಿನಲ್ಲಿ ಮಡಿಕೆಗುಂಟ ಸೀಳಿಹೋಗುತ್ತವೆ. ಉಳಿದವು ಹಳೆ ಬಟ್ಟೆಗೆ ಪಾತ್ರೆ ಕೊಡುವವರ ಮೂಟೆಗೆ ಸೇರಿ ಎಲ್ಲಿಗೋ ಹೋಗುತ್ತವೆ. ಉಣ್ಣೆಯ ಮತ್ತು ಇತರ ಹಳೆಯ ಬಟ್ಟೆಗಳನ್ನು ಚಿಂದಿ ಮಾಡಿ ಮತ್ತೆ ನೂಲುವ ದೊಡ್ಡ ಉದ್ಯಮವೇ ಹರಿಯಾಣದ ಪಾಣಿಪತ್‌ನಲ್ಲಿದೆ. ಆದರೆ ಇಡಿಯಾಗಿ ಉಡಲು ಬರುವ ಸೀರೆಯನ್ನು ಚಿಂದಿ ಮಾಡುವುದಕ್ಕಿಂತ ಇನ್ನೊಬ್ಬರು ಉಡುವುದು ಎಷ್ಟೋ ಮೇಲು. ಮಲಪ್ಪುರಂ ಜಿಲ್ಲೆಯ ತೂತ ಎಂಬ ಊರಿನಲ್ಲಿ ಮದುವೆಯ ಉಡುಪುಗಳನ್ನು ಸಂಗ್ರಹಿಸಿ ಬೇಕಾದ ಹೆಣ್ಣುಮಕ್ಕಳಿಗೆ ಉಚಿತವಾಗಿ ಕೊಡುವ ಕೇಂದ್ರವಿದೆ. ನಮ್ಮ ಕಡೆಯ ಪೇಟೆಗಳಲ್ಲೂ ಅಂಥದ್ದು ಬೇಕು ಎಂದು ನಾನು ಮನಸಾರೆ ಬಯಸುತ್ತೇನೆ.

ಗುಣಮಟ್ಟದ ದೃಷ್ಟಿಯಿಂದ ಹೇಳುವುದಾದರೆ ಹಳೆಯ ಸೀರೆಯೇ ನನಗೆ ಹೆಚ್ಚು ಹಿಡಿಸಿತು. ವರ್ಷಗಳ ಒಗೆತದಿಂದ ನೂಲು ಮೆತ್ತಗಾಗಿದೆ, ನೆರಿಗೆ ಹಿಡಿದಲ್ಲೇ ನಿಲ್ಲುತ್ತದೆ. ಕಾವಿ ಬಣ್ಣ ಮೈಯಲ್ಲಿ ಒಂದಿಷ್ಟು ತಿಳಿಯಾದರೂ ಅಂಚಿನಲ್ಲಿ ಹಾಗೆಯೇ ಇದೆ. ಹಿಮ್ಮಡಿ ತಾಗುವ ಕಡೆ ಅಂಚು ಸವೆದಿತ್ತು. ಅಲ್ಲಿ ಹೊಸ ಫಾಲ್ಸ್ ಹೊಲಿಸಿದೆ. ಸೊಂಟಕ್ಕೆ ಸಿಕ್ಕಿಸುವಲ್ಲಿ ಪಿನ್ನಿನಿಂದ ಹರಿದ ಒಂದು ಸಣ್ಣ ತೂತನ್ನು ಅವರೇ ಹಿಂದೆ ಎಳೆ ಸೇರಿಸಿ ಹೊಲಿದಿದ್ದರು, ಹುಡುಕಿದರೂ ಥಟ್ಟನೆ ಕಾಣುವುದಿಲ್ಲ. ಪಾಲಿಯೆಸ್ಟರ್ ಬೆರೆತ ಸೀರೆಯು ಹಳತಾದಾಗ ಗಂಟುಗಂಟಾಗಿ ನೋಡಲಾಗದಂತಾಗುತ್ತದೆ, ಒಗೆದಾಗಲೆಲ್ಲ ಅದರಿಂದ ಪ್ಲಾಸ್ಟಿಕ್ಕಿನ ಸೂಕ್ಷ್ಮ ಎಳೆಗಳು ನೀರಿಗೆ ಸೇರುತ್ತವೆ. ಹತ್ತಿಯ ಸೀರೆಗೆ ಅಂಥ ಕೊನೆಗಾಲವಿಲ್ಲ. ಉಡಲಾಗದಿದ್ದರೆ ತೊಟ್ಟಿಲಿಗೆ, ಅದೂ ಆಗದಿದ್ದರೆ ನೆಲ ಒರಸಲು. ಎರಡನೆಯವರ ಕೈ ಸೇರುವಷ್ಟು ಬಾಳದ ಬಟ್ಟೆಯನ್ನು ಹೊಸದಾಗಿ ಕೊಳ್ಳಲೇಬಾರದು ಎಂಬ ನಿರ್ಧಾರಕ್ಕೆ ನಾನು ಬಂದದ್ದು ಈ ಸೀರೆಯನ್ನು ಉಟ್ಟ ಮೇಲೆ.

ಹಾಗಾದರೆ ಎಲ್ಲರೂ ಹಳತನ್ನೇ ಉಡಬಾರದೇಕೆ ಎಂದು ಕೇಳಬಹುದು. ಹಳೆಯ ಸೀರೆಯಿಂದ ನೇಕಾರರಿಗೆ ಒಂದು ಪೈಸೆಯೂ ಹೋಗುವುದಿಲ್ಲ. 2019-20ರ ನಾಲ್ಕನೆಯ ಅಖಿಲ ಭಾರತ ಕೈಮಗ್ಗ ಗಣತಿಯ ಪ್ರಕಾರ ದೇಶದಲ್ಲಿ ಸುಮಾರು 35 ಲಕ್ಷ ಜನ ನೇಯ್ಗೆ ಮತ್ತು ಅದಕ್ಕೆ ಹೊಂದಿದ ಕೆಲಸಗಳಲ್ಲಿದ್ದಾರೆ. ಅವರಲ್ಲಿ ನೂರಕ್ಕೆ 70ಕ್ಕಿಂತ ಹೆಚ್ಚು ಜನ ಹೆಂಗಸರು. ನೇಕಾರ ಕುಟುಂಬಗಳಲ್ಲಿ ಮೂರರಲ್ಲಿ ಎರಡು ಪಾಲಿನವುಗಳ ತಿಂಗಳ ಆದಾಯ 5,000 ರೂಪಾಯಿಗಿಂತ ಕಡಿಮೆ ಎಂದೂ ಅದೇ ಗಣತಿ ಹೇಳುತ್ತದೆ. ತುಂಡಿನ ಲೆಕ್ಕದ ಕೂಲಿಗೆ ದಿನವಿಡೀ ಮಗ್ಗದ ಹಲಗೆ ಎಳೆಯುವುದಕ್ಕಿಂತ ಬೇರೆ ಯಾವ ಕೂಲಿಯಾದರೂ ಮೇಲು ಎಂದು ಎಳೆಯರು ಬಿಟ್ಟು ಹೋಗುವುದನ್ನು ತಪ್ಪೆನ್ನಲು ನಮಗೆ ಹಕ್ಕಿಲ್ಲ. ಒಂದು ಕಾಲಕ್ಕೆ ನೂರಾರು ಜನ ನೇಯುತ್ತಿದ್ದ ಕಾಸರಗೋಡಿನಲ್ಲಿ ಇಂದು ಮಗ್ಗದ ಮುಂದೆ ಕುಳಿತವರು ಕೆಲವೇ ಮಂದಿ, ಅವರಲ್ಲೂ ಹೆಚ್ಚಿನವರು ವಯಸ್ಸಾದವರು. ಗಡಿಯಾಚೆ ಉಡುಪಿ ಸೀರೆಗೂ ಇದೇ ಗತಿ ಬಂದಿತ್ತು. ಕಿನ್ನಿಗೋಳಿಯ ತಾಳಿಪಾಡಿ ನೇಕಾರರ ಸಂಘ ಮತ್ತು ಕಾರ್ಕಳದ ಕದಿಕೆ ಟ್ರಸ್ಟ್ ಸೇರಿ ಅದನ್ನು ಮತ್ತೆ ಎಬ್ಬಿಸಿ ನಿಲ್ಲಿಸಿದ್ದು ಕಣ್ಣೆದುರಿಗಿರುವ ಉದಾಹರಣೆ. ಒಂದೇ ಜಿಲ್ಲೆಯಲ್ಲಿದ್ದ ನೇಯ್ಗೆ 1956ರ ಬಳಿಕ ಎರಡು ರಾಜ್ಯಗಳ ಪಾಲಾಯಿತು. ಆದರೆ ಒಂದರ ಪಕ್ಕ ಇನ್ನೊಂದನ್ನು ಇಟ್ಟರೆ ಅಕ್ಕತಂಗಿಯರೆಂದು ಯಾರಿಗಾದರೂ ತಿಳಿಯುತ್ತದೆ.

ಆದ್ದರಿಂದ ನಾನು ಮಾಡಿಕೊಂಡ ಏರ್ಪಾಡು ಇದು: ದಿನನಿತ್ಯದ ಉಡುಗೆಗೆ ಪರಿಚಿತರ ಕಪಾಟಿನಲ್ಲಿ ಸುಮ್ಮನಿರುವ ಹತ್ತಿ ಸೀರೆಗಳನ್ನು ಕೇಳಿ ಪಡೆಯುವುದು, ವರ್ಷಕ್ಕೆ ಒಂದನ್ನು ಮಾತ್ರ ಹೊಸದಾಗಿ, ಅದೂ ನೇಯಿಸುವ ಸಂಘದಿಂದಲೇ ನೇರವಾಗಿ ಕೊಳ್ಳುವುದು. ಹೊಸ ಸೀರೆಗೆ ನಾನು ಕೊಟ್ಟದ್ದು ಎರಡು ಸಾವಿರ ರೂಪಾಯಿಯೊಳಗೆ. ಪೇಟೆಯ ಜವಳಿ ಅಂಗಡಿಯಲ್ಲಿ ಅದೇ ಹಣಕ್ಕೆ ಮೂರು ಸೀರೆ ಸಿಗುತ್ತದೆ ಎಂಬುದು ನಿಜ. ನನ್ನ ಕೈಯಲ್ಲಿರುವ ಹಳೆಯ ಸೀರೆಯ ಆಯುಸ್ಸನ್ನು ನೋಡಿದರೆ ಈ ಬೆಲೆ ದುಬಾರಿಯೆಂದು ತೋರುವುದಿಲ್ಲ.

ಕುಂದುಗಳೂ ಇವೆ. ಬಣ್ಣ ಮತ್ತು ವಿನ್ಯಾಸದ ಆಯ್ಕೆ ಸೀಮಿತ. ಮದುವೆ ಮನೆಗೆ ಉಡಲು ಏನಾದರೂ ಮೆರುಗು ಬೇಕೆನ್ನುವವರಿಗೆ ಇದು ಹೊಂದುವುದಿಲ್ಲ. ಬಸ್ಸಿನಲ್ಲಿ ಕುಳಿತು ಎದ್ದರೆ ಸುಕ್ಕು ಎದ್ದು ಕಾಣುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡುವ ಕೆಲಸ ತಪ್ಪಿದ್ದಲ್ಲ, ಆದರೆ ಜೂನ್ ಬಂದ ಮೇಲೆ ಗಂಜಿ ಹಾಕಿದ ಸೀರೆಯನ್ನು ಮಡಿಸಿ ಇಡಬಾರದು. ನಮ್ಮ ಮಳೆಗೆ ವಾರದೊಳಗೆ ಬೂಷ್ಟು ಹಿಡಿಯುತ್ತದೆ. ಮೊದಲ ಒಗೆತಕ್ಕೆ ಸೀರೆ ತುಸು ಕುಗ್ಗುವುದರಿಂದ ಫಾಲ್ಸ್ ಹೊಲಿಸುವ ಮುಂಚೆ ಸೀರೆ, ಫಾಲ್ಸ್ ಎರಡನ್ನೂ ನೆನೆಸಿ ಒಣಗಿಸಬೇಕು. ಹೆಸರಿನ ದುರುಪಯೋಗವೂ ಇದೆ: ಜಿಲ್ಲೆಯ ಪೇಟೆಯೊಂದರ ಅಂಗಡಿಯಲ್ಲಿ ಕಾಸರಗೋಡು ಸೀರೆ ಎಂದು ನನಗೆ ತೋರಿಸಿದ್ದು ಪವರ್‌ಲೂಮಿನಲ್ಲಿ ನೇಯ್ದದ್ದು. ಕೆಲವು ಬಗೆಯ ಬಟ್ಟೆಗಳನ್ನು ಕೈಮಗ್ಗಕ್ಕೇ ಮೀಸಲಿಡುವ 1985ರ ಕಾಯ್ದೆಯಿದ್ದರೂ ಅಂಗಡಿಯಲ್ಲಿ ಕೊಳ್ಳುವವರೇ ಎಚ್ಚರವಾಗಿರಬೇಕು. 2006ರಿಂದ ಬಂದಿರುವ ಕೈಮಗ್ಗದ ಮುದ್ರೆಯ ಚೀಟಿ ಇದೆಯೇ ಎಂದು ನೋಡಿ, ಅಂಚಿನ ಸೂಜಿತೂತುಗಳನ್ನು ನೋಡಿ. ಆ ಚೀಟಿಯು ಕೈಮಗ್ಗದ್ದೆಂದು ಖಾತರಿ ಕೊಡುತ್ತದೆ, ನೇಯ್ದವರಿಗೆ ಎಷ್ಟು ಕೂಲಿ ಸಿಕ್ಕಿತೆಂದು ಹೇಳುವುದಿಲ್ಲ. ಅದನ್ನು ಮಾರುವವರಲ್ಲಿ ಬಾಯಿಬಿಟ್ಟು ಕೇಳಬೇಕು. ಕೇಳುವವರು ಹೆಚ್ಚಿದರೆ ಚೀಟಿಯಲ್ಲಿ ಅದನ್ನೂ ಬರೆಯುವ ದಿನ ಬಂದೀತು.

ಕೊಳ್ಳುವುದಿದ್ದರೆ ಓಣಂ ಅಥವಾ ವಿಷುವಿನ ಮುಂಚಿನ ದಿನಗಳು ಅನುಕೂಲ, ಏಕೆಂದರೆ ಹಬ್ಬದ ಸಮಯದಲ್ಲಿ ಕೇರಳ ಸರಕಾರ ಕೈಮಗ್ಗದ ಬಟ್ಟೆಗೆ ನೂರಕ್ಕೆ 20ರಷ್ಟು ರಿಯಾಯಿತಿ ಕೊಡುತ್ತದೆ. ಹಳೆಯದನ್ನು ಪಡೆಯುವವರು ಸೀರೆಯನ್ನು ಪೂರ್ತಿ ಬಿಡಿಸಿ ಬೆಳಕಿಗೆ ಹಿಡಿದು ನೋಡಿ: ಮಡಿಕೆಯ ಗೆರೆಗಳಲ್ಲಿ ಬೆಳಕು ಹೆಚ್ಚಾಗಿ ತೂರಿ ಬಂದರೆ ನೂಲು ಜೀರ್ಣವಾಗಿದೆ, ಅದು ಇನ್ನು ಉಡಲು ಬಾರದು. ಅಂಚು ಮಾತ್ರ ಸವೆದಿದ್ದರೆ ಧೈರ್ಯವಾಗಿ ತೆಗೆದುಕೊಳ್ಳಬಹುದು.